ಹತ್ತಿ ಹಿಂಜುತ್ತ ಕೇಳಿದ್ದು

ನರಗುಂದದಲ್ಲಿ ಜನ ನನ್ನನ್ನು ‘ಮಾತಿನ ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಬಾಗಿಲ ಮೇಲಿನ ಫಲಕದಲ್ಲಿ ‘ಆಪ್ತಸಮಾಲೋಚಕಿ’ ಎಂದೇ ಬರೆಸಿದ್ದೆವು, ಆದರೆ ಅಷ್ಟುದ್ದದ ಪದ ಓದಿ ಮುಗಿಸುವ ವ್ಯವಧಾನ ಕಾಳಿನ ಪೇಟೆಯಲ್ಲಿ ಯಾರಿಗಿದೆ? ಮಾತಿನ ಡಾಕ್ಟ್ರು ಎಂಬ ಹೆಸರು ಕೇಳಿದಾಗಲೆಲ್ಲ ನನ್ನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ನಗುವಿಗೆ ಕಾರಣವಿತ್ತು. ನನ್ನ ಓರಗೆಯ ಮಕ್ಕಳು ಜಗಳವಾಡಲು ಕಲಿತ ಎಷ್ಟೋ ದಿನದ ಮೇಲೂ ನಾನು ಒಂದು ಮಾತೂ ಆಡಿರಲಿಲ್ಲ. ಆಡಲು ಶುರು ಮಾಡಿದ ಮೇಲೆ, ‘ಇದು ಯಾಕರ ಮಾತು ಕಲೀತೋ’ ಎಂದು ಓಣಿಗೆ ಓಣಿಯೇ ಅನ್ನುವಂತೆ ಮಾಡಿದ್ದೆ.

ನಾವು ರೋಣದ ಪಿಂಜಾರರು. ಅಪ್ಪ ಅಬ್ಬಿಗೇರಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಗಾದಿ, ತಲೆದಿಂಬು ಹಾಕಿಕೊಡುತ್ತಿದ್ದ. ವರ್ಷಗಟ್ಟಲೆ ಮಲಗಿ ಮಲಗಿ ಗಂಟುಗಟ್ಟಿದ ಹಳೆಯ ಹತ್ತಿಯನ್ನು ತಂದು ಅಂಗಳದಲ್ಲಿ ಸುರಿಯುತ್ತಿದ್ದ. ಅದನ್ನು ಹತ್ತಿ ಬಡಿಯುವ ಬಿಲ್ಲಿಗೆ ಹಾಕುವ ಮುಂಚೆ ಕೈಯಿಂದ ಹಿಂಜಬೇಕು, ಗಂಟು ಬಿಡಿಸಬೇಕು, ಬೀಜ ಕಡ್ಡಿ ಆರಿಸಬೇಕು. ಅದು ಹೆಂಗಸರ, ಮಕ್ಕಳ ಕೆಲಸ. ಗಿರಣಿಯ ಸದ್ದು, ಸಾಲೆಯ ಗಂಟೆ, ಮದುವೆಯ ಬ್ಯಾಂಡು ನನ್ನ ಕಿವಿಗೆ ಮುಳ್ಳು ಚುಚ್ಚಿದಂತೆ ನೋಯಿಸುತ್ತಿದ್ದವು. ಅಪ್ಪನ ಬಿಲ್ಲಿನ ಸದ್ದು ಮಾತ್ರ ಎಂದೂ ನೋಯಿಸಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಾಲೆಯಲ್ಲಿ ಗುರುಗಳು ನನ್ನ ಗದ್ದ ಹಿಡಿದೆತ್ತಿ, ‘ಮಾರಿ ನೋಡಿ ಮಾತಾಡ’ ಎನ್ನುತ್ತಿದ್ದರು. ಮುಖ ನೋಡಿದರೆ ನನಗೆ ಮಾತು ಕೇಳಿಸುವುದಿಲ್ಲ, ಮಾತು ಕೇಳಬೇಕಾದರೆ ಮುಖ ನೋಡುವುದಾಗುವುದಿಲ್ಲ. ಎರಡರಲ್ಲಿ ಒಂದು. ಇದನ್ನು ಅವರಿಗೆ ಹೇಳಿ ಎರಡು ಏಟು ಹೆಚ್ಚಿಗೆ ತಿಂದೆ. ಇವತ್ತಿಗೂ ನನಗೆ ಜನರ ನೆನಪು ಉಳಿಯುವುದು ಅವರ ಕೈಗಳಿಂದ, ಕಾಲುಗಳಿಂದ, ಬಳೆಯ ಸದ್ದಿನಿಂದ. ಈ ಬರಹದಲ್ಲಿ ಯಾರ ಮೂಗು ಹೇಗಿತ್ತು ಎಂದು ಹುಡುಕಬೇಡಿ, ಸಿಗುವುದಿಲ್ಲ.

ಒಮ್ಮೆ ಪಕ್ಕದ ಮನೆಯಾಕೆ ಹೊಸ ಸೀರೆ ಉಟ್ಟು ಬಂದು, ‘ಹ್ಯಾಂಗೈತ ನೋಡ’ ಎಂದಳು. ನೋಡಿದೆ. ‘ಗಾದಿ ಅರಿವಿ ಇದ್ದಂಗೈತಿ’ ಎಂದೆ. ಪಟ್ಟೆ ಪಟ್ಟೆಯ ಬಟ್ಟೆ, ಖರೇನೇ ಹಾಗಿತ್ತು. ಆಕೆ ಆಮೇಲೆ ಎಷ್ಟೋ ದಿನ ನಮ್ಮ ಮನೆಗೆ ಕಾಲಿಡಲಿಲ್ಲ. ಅವ್ವ ಹಣೆ ಬಡಿದುಕೊಂಡು ಅಂದಳು: ‘ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ. ನಿನಗ ಯಾವಾಗ ತಿಳೀತೈತೆವಾ?’ ತಿಳಿಯಲಿ ಎಂದು ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದರು. ಅದರಿಂದಾಗದೆ ಹನುಮಪ್ಪನ ಗುಡಿಗೂ ಒಯ್ದರು. ದೇವರುಗಳೂ ನನ್ನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಕೈ ತೊಳೆದುಕೊಂಡರು.

ಹತ್ತಿಯ ರಾಶಿಯ ಸುತ್ತ ಮಾತ್ರ ನಾನು ಎಲ್ಲರಂತಿದ್ದೆ. ಓಣಿಯ ಹೆಂಗಸರು ಮಧ್ಯಾಹ್ನ ಬಂದು, ಒಂದು ಕೈ ಹಿಂಜಿ ಹೋಗುತ್ತಿದ್ದರು. ಎಲ್ಲರ ಕಣ್ಣೂ ಹತ್ತಿಯ ಮೇಲೆ, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅಲ್ಲಿ ಎಂಥೆಂಥ ಮಾತು ಹೊರಬರುತ್ತಿದ್ದವು! ಹೊಡೆಯುವ ಗಂಡ, ನಿಂತುಹೋದ ಮುಟ್ಟು, ಸತ್ತ ಕೂಸು. ಕೈ ಹಿಂಜುತ್ತಲೇ ಇರುತ್ತಿತ್ತು, ಅಳು ಬಂದರೆ ತಪ್ಪನ್ನು ಹತ್ತಿಯ ಧೂಳಿನ ಮೇಲೆ ಹಾಕಿ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಎಲ್ಲವನ್ನೂ ಕೇಳುತ್ತಿದ್ದೆ, ಅರ್ಥವೂ ಆಗುತ್ತಿತ್ತು.

ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿದೆ. ಅಲ್ಲಿ ಕಲಿಸಿದ ಮೊದಲ ಪಾಠವೆಂದರೆ ಎದುರುಬದುರು ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ತಲೆಯಾಡಿಸಿ. ಕೋಲೆ ಬಸವನ ಹಾಗೆ ತಲೆಯಾಡಿಸುತ್ತ ಪಾಸಾದೆ. ಆಮೇಲೆ, ಎರಡು ಸಾವಿರದ ದಶಕ ಶುರುವಾಗಿ ಕೆಲ ವರ್ಷವಾದಾಗ, ಒಂದು ತರಬೇತಿಯಲ್ಲಿ ಹೊರಗಿನಿಂದ ಬಂದ ವೈದ್ಯೆಯೊಬ್ಬರು ಕೆಲವು ಮಕ್ಕಳ ಬಗ್ಗೆ ವಿವರಿಸುತ್ತಿದ್ದರು. ತಡವಾಗಿ ಮಾತು ಬರುವ, ಸದ್ದಿಗೆ ಕಿವಿ ಮುಚ್ಚುವ, ಕೇಳಿದ್ದನ್ನು ಕೇಳಿದ ಹಾಗೇ ಅರ್ಥ ಮಾಡಿಕೊಳ್ಳುವ ಮಕ್ಕಳು. ಅವರು ನನ್ನ ಸಾಲೆಯ ದಿನಗಳನ್ನು ಯಾರಿಂದ ಕೇಳಿ ತಿಳಿದುಕೊಂಡರೋ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಅವರ ಬಳಿ ಹಲವು ಸಲ ಹೋದೆ. ಪರೀಕ್ಷೆಗಳಾದವು. ಆಟಿಸಂ ಎಂದರು.

ಒಂದು ದಿನ ಸಂತೋಷವಾಯಿತು. ಮರುದಿನದಿಂದ ದುಃಖ ಶುರುವಾಯಿತು. ತಿಂದ ಏಟುಗಳನ್ನು ಯಾರಿಗೆ ಮರಳಿಸುವುದು? ರೋಣಕ್ಕೆ ಬಂದು ಅವ್ವನಿಗೆ ಹೇಳಿದೆ: ‘ನಾ ಹಿಂಗ ಇರೂದಕ್ಕ ಒಂದು ಹೆಸರು ಐತಂತವಾ.’

‘ಔಷಧ ಐತಂತೇನ?’

‘ಇಲ್ಲ.’

‘ಹಂಗಾರ ಬರೇ ಹೆಸರು ತೊಗೊಂಡು ಏನ ಮಾಡ್ತಿ?’ ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ನರಗುಂದದಲ್ಲಿ ಒಂದು ಸಂಸ್ಥೆಯವರು ಕಾಳಿನ ಅಂಗಡಿಯ ಮಹಡಿಯ ಮೇಲೆ ನನಗೆ ಕೋಣೆ ಕೊಟ್ಟರು. ಕಿಟಕಿಯ ತುಂಬ ಗುಡ್ಡ. ಮೊದಲ ಕೆಲವು ತಿಂಗಳು ಪುಸ್ತಕದ ಪ್ರಕಾರ ಕುರ್ಚಿಗೆ ಕುರ್ಚಿ ಎದುರಿಟ್ಟು ಕೂತೆ. ಬಂದವರು ತಮ್ಮ ಕಾಲಬೆರಳು ನೋಡುತ್ತ ಕೂರುತ್ತಿದ್ದರು, ನಾನು ಅವರ ಕಾಲಬೆರಳು ನೋಡುತ್ತ ಕೂರುತ್ತಿದ್ದೆ. ಕಡೆಗೆ ರೇಗಿ ಕುರ್ಚಿಗಳನ್ನು ಹೊರಗೆ ಹಾಕಿದೆ. ಅಪ್ಪನಿಂದ ಒಂದು ಚೀಲ ಹಳೆಯ ಹತ್ತಿ ತರಿಸಿ ನೆಲದ ಮೇಲೆ ಸುರಿದೆ. ಗುಂಯ್ ಅನ್ನುವ ಟ್ಯೂಬ್‌ಲೈಟು ಆರಿಸಿದೆ. ಬಂದವರು ನನ್ನ ಪಕ್ಕದಲ್ಲಿ ಕೂತು ಹಿಂಜಬೇಕು, ಮಾತಾಡಬೇಕೆಂದರೆ ಆಡಬೇಕು, ಇಲ್ಲದಿದ್ದರೆ ಇಲ್ಲ. ನನಗೆ ಅರ್ಥವಾಗದ್ದನ್ನು ‘ಅರ್ಥವಾಯಿತು’ ಎಂದು ಹೇಳುವುದಿಲ್ಲ ಎಂದು ನಾನೂ ಪಟ್ಟು ಹಿಡಿದೆ. ಸಂಸ್ಥೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ‘ಇದೇನ್ರಿ, ದವಾಖಾನಿಯೋ ಗಾದಿ ಅಂಗಡಿಯೋ?’ ಎಂದರು. ‘ಎರಡೂ’ ಎಂದೆ. ಇಬ್ಬರು ಹೆಂಗಸರು ದುಃಖದ ಜೊತೆಗೆ ತಮ್ಮ ಮನೆಯ ತಲೆದಿಂಬುಗಳನ್ನೂ ತಂದರು. ಆದರೆ ಜನ ಮಾತಾಡಿದರು.

ಒಬ್ಬ ಹುಡುಗಿಯನ್ನು ಅವಳ ಅತ್ತೆಯೇ ಕರೆದುಕೊಂಡು ಬಂದಳು. ಹುಡುಗಿ ಅನ್ನುತ್ತೇನೆ, ಮೂರೋ ನಾಲ್ಕೋ ವರ್ಷದ ಮಗಳ ತಾಯಿ. ಗಜೇಂದ್ರಗಡದ ನೇಕಾರರ ಮನೆಯವಳು, ನರಗುಂದದ ಕಾಳಿನ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳು. ಅತ್ತೆಯ ಕೈತುಂಬ ಬಳೆ, ಮಾತಾಡುವಾಗ ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಹುಡುಗಿಯ ಬೆರಳುಗಳು ಸೆರಗಿನ ಅಂಚನ್ನು ಎಣಿಸುವಂತೆ ಓಡುತ್ತಿದ್ದವು.

‘ಮಂದಿ ಬಂದ್ರ ಬರ್ರಿ ಅನ್ನೂದಿಲ್ಲ, ಕುಂದರ್ರಿ ಅನ್ನೂದಿಲ್ಲ. ಮೊನ್ನಿ ನಮ್ಮ ಮನಿಯವರ ದೋಸ್ತರಿಗೆ, ನೀವು ಯಾವಾಗ ಹೋಗ್ತೀರಿ ಅಂತ ಕೇಳ್ಯಾಳ್ರಿ!’ ಎಂದಳು ಅತ್ತೆ.

‘ಎಷ್ಟ ಹಿಟ್ಟ ನಾದಬೇಕಂತ ತಿಳೀಲಿ ಅಂತ ಕೇಳೀನ್ರಿ’ ಎಂದಿತು ಹುಡುಗಿಯ ದನಿ, ಮೆಲ್ಲಗೆ.

ನನಗೆ ನಗು ಬಂತು, ಅತ್ತೆಗೆ ಬರಲಿಲ್ಲ. ‘ಈ ಸುಗ್ಗಿ ತನಕ ನೋಡ್ತೀವ್ರಿ. ಸರಿ ಮಾಡ್ರಿ. ಆಗಲಿಲ್ಲಂದ್ರ ತವರಮನಿಗೆ ಬಿಟ್ಟು ಬರ್ತೀವಿ. ಕೂಸು ನಮ್ಮ ಮನೀದು, ನಮ್ಮಲ್ಲೇ ಇರತೈತಿ.’ ಆಕೆ ಕೆಟ್ಟವಳಾಗಿರಲಿಲ್ಲ. ದಣಿದಿದ್ದಳು. ಮನೆತುಂಬ ಬಂದುಹೋಗುವ ಜನ, ಅವರೆಲ್ಲರೆದುರು ಸೊಸೆಯ ಪರವಾಗಿ ಇವಳೊಬ್ಬಳೇ ಬರ್ರಿ ಬರ್ರಿ ಎನ್ನಬೇಕು.

ಹುಡುಗಿ ಮೊದಮೊದಲು ಬರೀ ಹತ್ತಿ ಹಿಂಜಿದಳು. ಏನು ಕೈಯದು! ನೇಕಾರರ ಬೆರಳು, ಒಂದು ಗಂಟನ್ನೂ ಹರಿಯುತ್ತಿರಲಿಲ್ಲ, ಬಿಡಿಸುತ್ತಿದ್ದಳು. ಕೆಲವು ವಾರಗಳಾದ ಮೇಲೆ ತಾನಾಗಿಯೇ ಶುರು ಮಾಡಿದಳು. ತವರಿನಲ್ಲಿ ದಿನವಿಡೀ ಮಗ್ಗದ ಸದ್ದು ಇತ್ತು, ಅದು ಒಂದೇ ತಾಳ, ಅದರಲ್ಲಿ ನಿದ್ದೆಯೂ ಬರುತ್ತಿತ್ತು. ಇಲ್ಲಿ ಕುಕ್ಕರ್ ಯಾವಾಗ ಕೂಗುತ್ತದೋ ಗೊತ್ತಿಲ್ಲ, ಬಾಗಿಲು ಯಾವಾಗ ಬಡಿಯುತ್ತದೋ ಗೊತ್ತಿಲ್ಲ, ಯಾರು ಯಾವಾಗ ನಗುತ್ತಾರೋ ಗೊತ್ತಿಲ್ಲ. ಮಗಳೂ ತನ್ನಂತೆಯೇ, ಕುಕ್ಕರ್ ಕೂಗಿದರೆ ಓಡಿಬಂದು ತನ್ನ ಹೊಟ್ಟೆಗೆ ಕಿವಿ ಒತ್ತಿಕೊಳ್ಳುತ್ತಾಳೆ.

‘ನನಗ ಯಾರ ಮ್ಯಾಲೂ ಸಿಟ್ಟಿಲ್ರಿ. ನನಗೇನೂ ಬ್ಯಾಡ. ನನ್ನ ಮಗಳು ನನ್ನ ಹತ್ರ ಇರಬೇಕು, ಅಷ್ಟ’ ಎಂದಳು.

‘ನಾನೂ ನಿನ್ನಂಗ ಅದೀನಿ’ ಎಂದೆ. ಪುಸ್ತಕದ ಪ್ರಕಾರ ಇದನ್ನು ಹೇಳಬಾರದು. ಅವಳ ಕೈ ನಿಂತಿತು. ‘ನಿಮಗೂ ಬ್ಲೌಸಿನ ಹೊಲಿಗಿ ಚುಚ್ಚತಾವೇನ್ರಿ?’ ಎಂದು ಕೇಳಿದಳು. ‘ತಿರುವಿ ಹಾಕ್ಕೋತೀನಿ’ ಎಂದೆ. ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅತ್ತೆಗೂ ಬಿಡಿಸಿ ಹೇಳಿದೆ. ಇದು ಹುಚ್ಚಲ್ಲ, ಹಟವೂ ಅಲ್ಲ. ಕುಕ್ಕರನ್ನು ಹಿತ್ತಲಲ್ಲಿ ಇಡಿ, ಜನ ಬರುವುದಿದ್ದರೆ ಮೊದಲೇ ತಿಳಿಸಿ, ಬಂದವರಿಗೆ ಚಹಾ ಮಾಡುವ ಕೆಲಸ ಅವಳಿಗೆ, ಮಾತಾಡುವ ಕೆಲಸ ನಿಮಗೆ. ಆಕೆ ಗೊಣಗುತ್ತಲೇ ಒಪ್ಪಿದಳು. ಕೆಲ ತಿಂಗಳು ನಡೆಯಿತು ಕೂಡ. ಆಮೇಲೆ ಹುಡುಗಿಯ ನಾದಿನಿಯ ಮದುವೆ ನಿಶ್ಚಯ ಬಂತು. ಮನೆತುಂಬ ಬೀಗರು, ಹೆಂಗಸರು, ಮೈಕು. ಹುಡುಗಿ ಮಗಳನ್ನೆತ್ತಿಕೊಂಡು ಹಿಂದಿನ ಕೋಣೆಯ ಜೋಳದ ಚೀಲಗಳ ಸಂದಿಯಲ್ಲಿ ಹೋಗಿ ಕೂತುಬಿಟ್ಟಳು. ಆರತಿಗೆ ಕರೆದರೆ ಇಲ್ಲ. ಹುಡುಕಿ ಎಳೆತಂದಾಗ ತಾಯಿ ಮಗಳಿಬ್ಬರೂ ಕಿವಿ ಮುಚ್ಚಿಕೊಂಡಿದ್ದರಂತೆ. ‘ನಿಮ್ಮ ಸೊಸಿ ತಲಿ ಸರಿ ಐತಿಲ್ಲೋ?’ ಎಂದು ಬೀಗರಲ್ಲಿ ಯಾರೋ ಕೇಳಿದರು. ಅಲ್ಲಿಗೆ ಎಲ್ಲ ಮುಗಿಯಿತು. ಆ ವಾರವೇ ಹಿರಿಯರನ್ನು ಕೂರಿಸಿದರು.

ನಮ್ಮ ಕಡೆ ಗಂಡ ಹೆಂಡಿರ ಬಾಳೇವು ಕೆಟ್ಟರೆ ಹಿರಿಯರು ಕೂರುತ್ತಾರೆ. ಅಂದು ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಗಜೇಂದ್ರಗಡದಿಂದ ಹುಡುಗಿಯ ತಂದೆ ಬಂದಿದ್ದ, ಅವನ ಅಂಗಾಲುಗಳು ಬಿರಿದಿದ್ದವು. ಗಂಡ ತನ್ನ ತಾಯಿಯ ಹಿಂದೆ ಕೂತಿದ್ದ. ನಡುವೆ ಚಿಕ್ಕನರಗುಂದದ ಹಿರಿಯರೊಬ್ಬರು, ದನಿ ಮೆತ್ತಗೆ, ಮಾತು ತೂಕ. ನನ್ನನ್ನು ‘ಇರ್ಲಿ, ದವಾಖಾನಿಯವರೂ ಇರ್ಲಿ’ ಎಂದು ಕರೆಸಿದ್ದರು. ನಾನು ಒಂದು ತೆಕ್ಕೆ ಹತ್ತಿ ಒಯ್ದಿದ್ದೆ. ಅವಳ ಉಡಿಯಲ್ಲಿ ಹತ್ತಿ ಇಡಿ, ಹಿಂಜುತ್ತ ಮಾತಾಡುತ್ತಾಳೆ, ಇಷ್ಟು ಜನ ನೋಡುತ್ತ ಕೂತರೆ ಅವಳಿಗೆ ಬಾಯಿ ಬರುವುದಿಲ್ಲ ಎಂದು ಕೇಳಿಕೊಂಡೆ.

‘ನ್ಯಾಯಕ್ಕ ಕುಂತಾಗ ಹತ್ತಿ ಹಿಂಜೂದೇನವಾ? ಹಿರೇರಿಗಿ ಇದೇನ ಮರ್ಯಾದಿ?’ ಎಂದರು ಯಾರೋ. ಹತ್ತಿ ನನ್ನ ಮಡಿಲಲ್ಲೇ ಉಳಿಯಿತು.

ಹಿರಿಯರು ಮೆತ್ತಗಿನ ದನಿಯಲ್ಲೇ ಕೇಳಿದರು: ‘ತಂಗಿ, ಅಂಜಬ್ಯಾಡ. ಈ ಮನಿ ನಿನಗ ಬೇಕೋ ಬ್ಯಾಡೋ?’

ಈ ಪ್ರಶ್ನೆಗೆ ಒಂದೇ ಉತ್ತರ ಎಂಬುದು ನಮ್ಮ ಸೀಮೆಯ ಪ್ರತಿ ಹೆಣ್ಣಿಗೂ ಗೊತ್ತು. ಸೆರಗು ಮುಂದಕ್ಕೆಳೆದುಕೊಂಡು, ಸ್ವಲ್ಪ ಅತ್ತು, ‘ನೀವು ಹಿರೇರು ಹ್ಯಾಂಗ ಹೇಳ್ತೀರಿ ಹಂಗ ರೀ’ ಎನ್ನಬೇಕು. ಆಗ ಹಿರಿಯರು ಅತ್ತೆಗೆ ನಾಲ್ಕು ಬುದ್ಧಿ, ಸೊಸೆಗೆ ನಾಲ್ಕು ಬುದ್ಧಿ ಹೇಳಿ, ಊಟ ಮಾಡಿ ಎದ್ದು ಹೋಗುತ್ತಾರೆ. ಸೊಸೆ ಮನೆಯಲ್ಲಿ ಉಳಿಯುತ್ತಾಳೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹಾಲಿನ ಜೊತೆಗೇ ಬಂದಿರುತ್ತದೆ. ನಮ್ಮಿಬ್ಬರಿಗೆ ಬಂದಿರಲಿಲ್ಲ. ಅವಳು ಅದನ್ನು ಪ್ರಶ್ನೆ ಎಂದೇ ತಿಳಿದಳು. ಅಲ್ಲಿ ಕೂತಿದ್ದ ನಾನೂ ಹಾಗೇ ತಿಳಿದೆ, ಒಳ್ಳೆಯ ಪ್ರಶ್ನೆ ಕೇಳಿದರಲ್ಲ ಎಂದು ಸಮಾಧಾನ ಕೂಡ ಪಟ್ಟೆ.

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಬೆರಳುಗಳು ಸೆರಗಿನ ಅಂಚಿನಲ್ಲಿ ಓಡಿದವು. ಆಮೇಲೆ ಸ್ಪಷ್ಟವಾಗಿ ಹೇಳಿದಳು: ‘ಮನಿ ಬ್ಯಾಡ್ರಿ. ನನ್ನ ಮಗಳು ಬೇಕ್ರಿ.’

ಅತ್ತೆಯ ಬಳೆಗಳ ಸದ್ದು ನಿಂತಿತು. ನಾನು, ಇಷ್ಟು ಚೊಕ್ಕವಾಗಿ ಹೇಳಿದಳಲ್ಲ, ಇನ್ನು ಎಲ್ಲ ಬಗೆಹರಿಯಿತು ಎಂದುಕೊಂಡೆ. ಅವಳ ತಂದೆಯ ಬಾಯಿಂದ ‘ಅಯ್ಯ ಶಿವನ’ ಎಂಬ ಉಸಿರು ಹೊರಟಾಗಲೂ ನನಗೆ ತಿಳಿಯಲಿಲ್ಲ.

‘ಆತಲ್ಲ. ತನ್ನ ಬಾಯಿಲೇ ಬ್ಯಾಡ ಅಂದ್ಲು. ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು’ ಎಂದರು ಹಿರಿಯರು. ಅವರಿಗೂ ಬೇಸರವಾಗಿತ್ತೆಂದು ದನಿಯಲ್ಲಿ ಗೊತ್ತಾಗುತ್ತಿತ್ತು.

‘ಮಗಳು ಬೇಕಂದಾಳ್ರಿ! ಅದೂ ಬಾಯಿಲೇ ಅಂದಾಳ. ಎರಡನೇದು ಯಾರಿಗೂ ಕೇಳಿಸಲಿಲ್ಲೇನು?’ ಎಂದು ನಾನು ಕೂಗಿದೆ. ನನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ನನಗೆ ಗೊತ್ತಾಗುವುದಿಲ್ಲ, ದೊಡ್ಡದೇ ಆಗಿರಬೇಕು.

‘ತಂಗಿ, ನೀನು ದವಾಖಾನಿಯಾಕಿ. ಇದು ಮನಿ ಮಾತು’ ಎಂದರು.

ಕೋರ್ಟಿಗೆ ಹೋಗೋಣ, ಇಷ್ಟು ಚಿಕ್ಕ ಕೂಸನ್ನು ತಾಯಿಯಿಂದ ಕಿತ್ತುಕೊಳ್ಳಲು ಬರುವುದಿಲ್ಲ ಎಂದು ಅವಳ ತಂದೆಗೆ ಅಂಗಳದಲ್ಲೇ ಹೇಳಿದೆ. ಆತ ಕೈಮುಗಿದ. ‘ಇನ್ನೂ ಇಬ್ಬರು ಹೆಣ್ಣಮಕ್ಕಳು ಲಗ್ನಕ್ಕ ಅದಾರ್ರಿ. ಕೋರ್ಟಿನ ಕಟ್ಟಿ ಹತ್ತಿದ ಮನೀಗೆ ಯಾರ ಬರ್ತಾರ?’ ಅಂದು ಸಂಜೆ ಅವನು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ. ಕೂಸು ಕೆಳಗೆ ನಿಂತ ಅಜ್ಜಿಯ ಸೊಂಟದ ಮೇಲೆ ಇತ್ತು. ಅಳಲಿಲ್ಲ. ಬಸ್ಸಿನ ಹಾರ್ನ್ ಆದಾಗ ಎರಡೂ ಕಿವಿ ಮುಚ್ಚಿಕೊಂಡಿತು, ಬಸ್ಸು ಹೋದ ಮೇಲೂ ಕೈ ತೆಗೆಯಲಿಲ್ಲ.

ಗಜೇಂದ್ರಗಡಕ್ಕೆ ನಾನು ಆಗಾಗ ಹೋಗುತ್ತಿದ್ದೆ. ಅವಳು ಮತ್ತೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮಗಳನ್ನು ನೋಡಲು ಎರಡು ಸಲ ನರಗುಂದಕ್ಕೆ ಬಂದು ಬಾಗಿಲಿನಿಂದಲೇ ಮರಳಿದ್ದಳು. ಗಂಡನಿಗೆ ಬೇರೆ ಮದುವೆಯ ಮಾತು ನಡೆದಿತ್ತು. ಮಗ್ಗದ ಪಕ್ಕ ನೆಲದ ಮೇಲೆ ಕೂತಿದ್ದ ನನಗೆ ಒಂದು ದಿನ ಅವಳು ಕೈ ನಿಲ್ಲಿಸದೆ ಹೇಳಿದಳು: ‘ಆ ಉತ್ತರ ಏನಂತ ನಮ್ಮವ್ವ ಹೇಳ್ಯಾಳ್ರಿ. ನೀವು ಹಿರೇರು ಹ್ಯಾಂಗ ಹೇಳ್ತೀರಿ ಹಂಗ ಅನ್ನಬೇಕಿತ್ತಂತ. ದಿನಾ ಅಂದು ಅಂದು ರೂಢಿ ಮಾಡೀನಿ. ಅವರು ಇನ್ನೊಮ್ಮಿ ಕೇಳ್ತಾರೇನ್ರಿ?’

‘ಇಲ್ಲವಾ, ಕೇಳೂದಿಲ್ಲ’ ಎಂದೆ. ಅವಳು ಲಾಳಿ ಎಸೆಯುತ್ತಲೇ ಇದ್ದಳು. ನಾನು ಬಸ್ಸಿನಲ್ಲಿ ಅತ್ತುಕೊಂಡು ರೋಣಕ್ಕೆ ಬಂದೆ. ನನ್ನಂಥವರಿಗೆ ಪರರ ದುಃಖ ಅಂಟುವುದಿಲ್ಲ ಎಂದು ಯಾವನೋ ಪಂಡಿತ ಬರೆದಿದ್ದನ್ನು ಓದಿದ್ದೆ. ಅವನು ಆ ಬಸ್ಸಿನಲ್ಲಿ ಇರಬೇಕಾಗಿತ್ತು.

ಮೂರು ವರ್ಷಗಳಾದವೇನೋ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬಳೆಗಳ ಸದ್ದು ಕೇಳಿ, ಯಾರೆಂದು ನೋಡುವ ಮುಂಚೆಯೇ ಗುರುತು ಹಿಡಿದೆ. ಅಜ್ಜಿ ಮೊಮ್ಮಗಳನ್ನು ಕರೆತಂದಿದ್ದಳು. ಮಗು ಸಾಲೆಗೆ ಹೋಗುತ್ತಿತ್ತು. ಗಂಟೆ ಬಾರಿಸಿದರೆ ಕಿವಿ ಮುಚ್ಚುತ್ತದೆ, ಗುರುಗಳ ಮುಖ ನೋಡುವುದಿಲ್ಲ, ಈಗೀಗ ಮಾತನ್ನೇ ಬಿಟ್ಟಿದೆ.

‘ಇದೂ ಅವರವ್ವನಂಗ ಆಗೈತ್ರಿ. ನೀವು ಸರಿ ಮಾಡ್ರಿ’ ಎಂದಳು. ಮೊದಲಿನ ಜೋರಿರಲಿಲ್ಲ, ದನಿ ಸೋತಿತ್ತು.

‘ಇದನ್ನ ತಿಳ್ಕೊಳ್ಳಾಕಿ ಗಜೇಂದ್ರಗಡದಾಗ ಅದಾಳ್ರಿ. ಕರಕೊಂಡು ಬರ್ರಿ’ ಎಂದೆ.

‘ಆಕಿ ಬ್ಯಾಡ ಅಂದು ಹೋದಾಕಿ. ನಿಮ್ಮ ಎದುರಿಗೇ ಅಂದಾಳಲ್ರಿ’ ಎಂದು, ಪರದೆಯಾಚೆಯ ಬೆಂಚಿನ ಮೇಲೆ ಹೋಗಿ ಕೂತಳು.

ಮಗು ನನ್ನ ಪಕ್ಕದಲ್ಲಿ ಕೂತಿತು. ನಾನು ಏನೂ ಕೇಳಲಿಲ್ಲ. ಹಲವು ಗಂಟು ಬಿಡಿಸಿದ ಮೇಲೆ, ಹತ್ತಿಯ ರಾಶಿಗೇ ಕೇಳುವಂತೆ ಕೇಳಿತು: ‘ನಮ್ಮವ್ವ ನನ್ನ ಬ್ಯಾಡ ಅಂದ್ಲಂತ. ಖರೇನ್ರಿ?’

ಪರದೆಯಾಚೆ ಬಳೆಗಳು ನಿಂತವು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಈ ಕೆಲಸದಲ್ಲಿ ಅಷ್ಟನ್ನು ಕಲಿತಿದ್ದೆ. ಮಾತು ತಿರುಗಿಸಬೇಕು. ನಿನಗೆ ಏನನ್ನಿಸುತ್ತದೆ ಎಂದು ಮರುಪ್ರಶ್ನೆ ಹಾಕಬೇಕು. ಅಜ್ಜಿಯನ್ನು ಒಲಿಸಿಕೊಂಡು, ಮುಂದಿನ ವಾರ, ಅದರ ಮುಂದಿನ ವಾರ, ಮೆಲ್ಲಗೆ ಹೇಳಬೇಕು. ನಿಜ ಹೇಳಿದರೆ ಅಜ್ಜಿ ಈ ಮೆಟ್ಟಿಲು ಮತ್ತೆ ಹತ್ತಿಸುವುದಿಲ್ಲ, ಈ ಮಗುವಿಗೆ ಇರುವ ಈ ಒಂದು ಸದ್ದಿಲ್ಲದ ಕೋಣೆಯೂ ಹೋಗುತ್ತದೆ. ಎಲ್ಲ ಗೊತ್ತಿತ್ತು. ಆದರೆ ಮಗು ಕೇಳಿದ್ದು ಪ್ರಶ್ನೆಯನ್ನು. ಉತ್ತರಕ್ಕಾಗಿ ಕಾಯುತ್ತ, ಬೆರಳು ಅಲ್ಲಾಡಿಸದೆ ಕೂತಿತ್ತು.

‘ಸುಳ್ಳು. ನನ್ನ ಮಗಳು ಬೇಕು ಅಂದ್ಲು. ನಾ ಅಲ್ಲೇ ಕುಂತಿದ್ದೆ. ನನ್ನ ಕಿವಿಲೇ ಕೇಳೀನಿ’ ಎಂದೆ.

‘ಇನ್ನೊಮ್ಮಿ ಹೇಳ್ರಿ.’

ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಅಜ್ಜಿ ಒಳಗೆ ಬಂದು, ನನಗೆ ಒಂದು ಮಾತೂ ಅನ್ನದೆ ಮಗುವಿನ ರಟ್ಟೆ ಹಿಡಿದು ಎಬ್ಬಿಸಿದಳು. ಮೆಟ್ಟಿಲಿಳಿಯುವಾಗ ಆ ಮಗು, ಮಾತನ್ನೇ ಬಿಟ್ಟಿದೆ ಎಂದಿದ್ದ ಆ ಮಗು, ‘ಬೇಕಂದಾಳಂತ, ಅಜ್ಜಿ, ಬೇಕಂದಾಳಂತ’ ಎಂದು ಹೇಳುತ್ತಲೇ ಹೋಯಿತು. ಅವರು ಮತ್ತೆ ಬರಲಿಲ್ಲ. ಬರುವುದಿಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು.